ಏಳು ದಿನದ ಅಂಗಿ

ಇಸ್ತ್ರಿಯಣ್ಣನ ದಣಿವನ್ನು ತೂಕಕ್ಕೆ ಹಾಕಿದ್ದರೆ ಎರಡು ಲಾರಿ ತುಂಬಿ, ಮಿಕ್ಕಿದ್ದನ್ನು ಹಿಂದೆ ಹಗ್ಗ ಕಟ್ಟಿ ಎಳೆದುಕೊಂಡು ಹೋಗಬೇಕಾಗುತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಅವನು ತನ್ನ ಅಕ್ಕನ ಲಾಂಡ್ರಿಯಲ್ಲಿ, ಒಂದೇ ಮೇಜಿನ ಮುಂದೆ, ನೆಲದ ಒಂದೇ ಕಲ್ಲಿನ ಮೇಲೆ ನಿಂತಿದ್ದ. ಆ ಕಲ್ಲು ಎರಡು ಪಾದದ ಆಕಾರಕ್ಕೆ ಸವೆದು, ಅಕ್ಕ ಅಂಗಡಿ ತೊಳೆದ ದಿನ ಆ ಗುಳಿಗಳಲ್ಲಿ ನೀರು ನಿಂತು, ಗುಬ್ಬಿಗಳು ಬಂದು ಮಿಂದು ಹೋಗುತ್ತಿದ್ದವು. ನಿಂತೇ ನಿದ್ದೆ ಮಾಡುವುದನ್ನು ಕುದುರೆಗಳು ಕಲಿತದ್ದೇ ಅವನನ್ನು ನೋಡಿ ಎಂದು ಬೀದಿಯಲ್ಲಿ ಮಾತಿತ್ತು. ಒಮ್ಮೆ ಒಬ್ಬ ನ್ಯಾಯಾಧೀಶರ ಹನ್ನೆರಡು ಅಂಗಿಗಳನ್ನು ಪೂರ್ತಿ ನಿದ್ದೆಯಲ್ಲೇ ಇಸ್ತ್ರಿ ಮಾಡಿ ಮುಗಿಸಿದ್ದ. ಹದಿಮೂರನೆಯದಕ್ಕೆ ಎಚ್ಚರವಾಯಿತು, ಅದೊಂದೇ ಸುಟ್ಟಿತು.

ದಣಿವಿಗೆ ಅವನು ಒಗ್ಗಿಹೋಗಿದ್ದ. ಒಗ್ಗದೆ ಉಳಿದದ್ದು ಬೇರೆ. ಸಂಜೆ ಬಟ್ಟೆಯ ಗಂಟು ಹೊತ್ತು ಮನೆಮನೆಗೆ ಹೋದಾಗ, ಬಾಗಿಲು ತೆಗೆದವರು ಒಳಗೆ ತಿರುಗಿ "ಬಟ್ಟೆ ಬಂತು" ಎನ್ನುತ್ತಿದ್ದರು. ಅವನು ಬಂದ ಎಂದು ಯಾವ ಬಾಯಿಂದಲೂ ಬರುತ್ತಿರಲಿಲ್ಲ. ಬಟ್ಟೆ ತಾನಾಗಿಯೇ ಎರಡು ಕಾಲು ಮೂಡಿಸಿಕೊಂಡು ಮೆಟ್ಟಿಲು ಹತ್ತಿ ಬಂದ ಹಾಗೆ ಗಂಟನ್ನು ತೆಗೆದುಕೊಂಡು ಬಾಗಿಲು ಹಾಕುತ್ತಿದ್ದರು. ಅವನು ಬಂದನೆಂದು ಕೂತಲ್ಲಿಂದ ಎದ್ದ ಜೀವ ಈ ಭೂಮಿಯ ಮೇಲೆ ಒಂದೂ ಇರಲಿಲ್ಲ.

ಮೈಮೇಲೂ ಅವನದೆನ್ನುವುದು ಏನೂ ಇರಲಿಲ್ಲ. ಕೊಟ್ಟವರು ಎರಡು ವರ್ಷವಾದರೂ ಬಂದು ಒಯ್ಯದ ಬಟ್ಟೆ ತಮ್ಮನಿಗೆ ಎಂಬುದು ಅಕ್ಕನ ಅಂಗಡಿಯ ಕಾನೂನು. ಹೀಗಾಗಿ ತೀರಿಹೋದ ಹೆಡ್‌ಮಾಸ್ತರರ ಪ್ಯಾಂಟು, ಊರು ಬಿಟ್ಟ ಬ್ಯಾಂಕಿನವರ ಅಂಗಿ, ಯಾರದೋ ಮುರಿದ ನಿಶ್ಚಿತಾರ್ಥದ ಕೋಟು ತೊಟ್ಟು ಅವನು ಓಡಾಡುತ್ತಿದ್ದ. ಒಮ್ಮೆ ಒಬ್ಬ ಹೆಂಗಸು ದೂರದಿಂದಲೇ ಕಣ್ಣರಳಿಸಿ ಬಂದು, ಅಂಗಿಯನ್ನು ನೋಡಿ "ಚೆನ್ನಾಗಿದ್ದೀರಾ" ಎಂದು ಕೇಳಿ, ಆಮೇಲೆ ಮುಖ ನೋಡಿ, ಕ್ಷಮಿಸಿ ಎಂದು ಹೊರಟುಹೋಗಿದ್ದಳು. ಅವನು ಬೀದಿಯ ಕೊನೆಯವರೆಗೂ ಚೆನ್ನಾಗಿದ್ದೇನೆ, ಚೆನ್ನಾಗಿದ್ದೇನೆ ಎಂದುಕೊಳ್ಳುತ್ತಾ ನಡೆದಿದ್ದ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಅಕ್ಕನೇ ಉತ್ತರ ಕೊಡುತ್ತಿದ್ದಳು: ಇವನ ಮದುವೆಯ ಮಾತು ಎತ್ತಿದಾಗಲೆಲ್ಲ ಬೇರೆಯವರ ಮದುವೆಯ ಬಟ್ಟೆ ಇಸ್ತ್ರಿಗೆ ಬಂದು ಕೂತಿರುತ್ತಿತ್ತು, ಪುರುಸೊತ್ತಾಗಲಿಲ್ಲ.

ಇಂಥ ಇಸ್ತ್ರಿಯಣ್ಣ ಒಂದು ಭಾನುವಾರ ಕಂಡಕ್ಟರಮ್ಮನ ಮನೆಗೆ ಹನ್ನೊಂದು ಕಂಬಳಿ ಕೊಡಲು ಹೋದ. ಕಂಡಕ್ಟರಮ್ಮ ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತಳಾದವಳು. ನಿವೃತ್ತಿಯಾದರೂ ನೆಲ ಅಲುಗಾಡುತ್ತಿದೆ ಎಂಬಂತೆ ಕಾಲು ಅಗಲಿಸಿಯೇ ನಿಲ್ಲುತ್ತಿದ್ದಳು. ಅವಳು ಒಂದು ಸೀಟಿ ಊದಿದರೆ ಮೂರು ಬೀದಿಯಾಚೆ ಹೋಗುತ್ತಿದ್ದ ಗಾಡಿಗಳು ನಿಂತು ಯಾರೋ ಇಳಿಯಲಿ ಎಂದು ಕಾಯುತ್ತಿದ್ದವು. ಯಾರೋ ಕಟ್ಟಿಹಾಕಿ ಮರೆತ, ಬೀದಿಯಲ್ಲಿ ಬಿಟ್ಟುಹೋದ ನಾಯಿಗಳನ್ನು ಬಿಡಿಸಿ ತಂದವರು, ಹೊಸ ಮನೆ ಸಿಗುವವರೆಗೆ ಅವುಗಳನ್ನು ಇವಳ ಮನೆಯಲ್ಲಿ ಬಿಡುತ್ತಿದ್ದರು. ಇದು ಬಸ್ ಸ್ಟ್ಯಾಂಡು, ಇಲ್ಲಿ ಯಾರೂ ಇರೋದಕ್ಕೆ ಬರಲ್ಲ ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ನಾಯಿಗಳಿಗೆ ಹೆಸರಿಟ್ಟರೆ ಬಿಟ್ಟುಕೊಡುವಾಗ ಸಂಕಟ ಎಂದು ಸೀಟಿನ ನಂಬರು ಕೊಟ್ಟಿದ್ದಳು. ಒಂಬತ್ತನೇ ಸೀಟು ಕಿಟಕಿ ಪಕ್ಕ ಮಲಗುತ್ತಿತ್ತು. ಒಂದನೇ ಸೀಟು ಒಕ್ಕಣ್ಣಿನ ಮುದಿ ಹೆಣ್ಣುನಾಯಿ, ಯಾರು ಬಂದರೂ ಜಾಗ ಬಿಡುತ್ತಿರಲಿಲ್ಲ.

ಹೆಸರಿದ್ದದ್ದು ಒಂದಕ್ಕೆ ಮಾತ್ರ. ಇಸ್ತ್ರಿಯಣ್ಣ ಬಾಗಿಲು ದಾಟುತ್ತಲೇ ಹಜಾರದ ಆ ತುದಿಯಿಂದ ಕಂದು ಬಣ್ಣದ ಒಂದು ನಾಯಿ ಎದ್ದಿತು. ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ಕಂಬಳಿಯ ಗಂಟನ್ನು ಅದು ಮೂಸಲೂ ಇಲ್ಲ, ಸುತ್ತು ಹಾಕಿಕೊಂಡು ಬಂದು ಅವನ ಮುಖವನ್ನೇ ನೋಡಿತು. ಬಾಲವೊಂದೇ ಆಡಿದ್ದರೆ ಮಾತು ಬೇರೆ. ಸೊಂಟದಿಂದ ಹಿಂದಿನದ್ದೆಲ್ಲ ಆಡಿ, ಆ ಗಾಳಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ತಿಂಗಳು ಮುಂದಕ್ಕೆ ಮಗುಚಿದವು.

"ಇವನು ನೆಂಟ. ಯಾರೇ ಬಂದ್ರೂ ತನ್ನ ನೆಂಟರೇ ಬಂದ್ರು ಅಂತ ಏಳ್ತಾನೆ," ಎಂದಳು ಕಂಡಕ್ಟರಮ್ಮ.

ಇಸ್ತ್ರಿಯಣ್ಣನ ಕಿವಿಗೆ ಏಳ್ತಾನೆ ಎಂಬುದಷ್ಟೇ ಬಿತ್ತು. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅವನಿಗೋಸ್ಕರ ಯಾರೋ ಎದ್ದಿದ್ದರು. ಗಂಟನ್ನು ಕೆಳಗಿಟ್ಟವನು ಕುಕ್ಕರಗಾಲಿನಲ್ಲಿ ಕೂತ, ಮಂಡಿ ಮುರಿದ ಸದ್ದಿಗೆ ಹತ್ತು ನಾಯಿಗಳು ಬೊಗಳಿದವು, ನೆಂಟ ಮಾತ್ರ ಕೈ ನೆಕ್ಕಿದ. ಇವನನ್ನು ನನಗೆ ಕೊಡುತ್ತೀರಾ ಎಂದು ಕೇಳಿದಾಗ ಅವನ ಧ್ವನಿ ಅವನಿಗೇ ಗುರುತು ಸಿಗಲಿಲ್ಲ.

ಕಂಡಕ್ಟರಮ್ಮ ಅವನನ್ನು ಪಾಸು ಅವಧಿ ಮುಗಿದವನ ಹಾಗೆ ನೋಡಿದಳು. ನೆಂಟ ಈಗಾಗಲೇ ಎರಡು ಮನೆಗೆ ಹೋಗಿ ವಾಪಸು ಬಂದವನು ಎಂದು ಹೇಳಿದಳು. ಮೊದಲನೇ ಮನೆಗೆ ಕಳ್ಳರು ನುಗ್ಗಿದಾಗ ಅವರಿಗೆ ಸಾಮಾನಿರುವ ಕೋಣೆ ತೋರಿಸಿ, ಗೇಟಿನವರೆಗೂ ಹೋಗಿ ಬೀಳ್ಕೊಟ್ಟು ಬಂದಿದ್ದನಂತೆ. ಎರಡನೇ ಮನೆಯಿಂದ ಅಂಚೆಯವನ ಹಿಂದೆ ಹೋದವನು ಊರಿನ ಕಾಗದವೆಲ್ಲ ಹಂಚಿ ಮುಗಿಸಿಯೇ ಬಂದನಂತೆ. ಎರಡು ಸಲವೂ ವಾಪಸು ತಂದವರು ಹಗ್ಗವನ್ನು ಅವಳ ಕೈಗೆ ಕೊಟ್ಟು, ಅವನ ಮುಖ ನೋಡದೆ ಹೋಗಿದ್ದರು. ಅವನು ಗೇಟಿನ ತನಕ ಹೋಗಿ ಅವರಿಗೂ ಬಾಲ ಆಡಿಸಿದ್ದ.

"ಮೂರನೇ ಸಲ ವಾಪಸು ಬಂದ್ರೆ ನನ್ನ ಕೈಲಿ ನೋಡೋಕ್ಕಾಗಲ್ಲ, ಇಸ್ತ್ರಿಯವರೇ. ಅದಕ್ಕೇ ಅವನು ಎದ್ದಿದ್ದನ್ನ, ಬಾಲ ಆಡ್ಸಿದ್ದನ್ನ ನೀವು ಹಚ್ಕೋಬೇಡಿ. ಅದು ಎಲ್ಲರಿಗೂ ಇರೋದೇ."

ಅವಳದೊಂದು ಪದ್ಧತಿಯಿತ್ತು. ನಾಯಿ ಬೇಕೆನ್ನುವವರು ತಾವು ತೊಟ್ಟು ಬಿಟ್ಟ, ತೊಳೆಯದ ಒಂದು ಅಂಗಿಯನ್ನು ಕೊಡಬೇಕು. ಅದು ವಾರವಿಡೀ ನಾಯಿಯ ಹಾಸಿಗೆಯ ಹತ್ತಿರ ಇರುತ್ತದೆ. ನಾಯಿ ಅದನ್ನು ಎಳೆದುಕೊಂಡು ಮಲಗಿದರೆ ಸರಿ, ಮೂಸಿ ಬಿಟ್ಟರೆ ಆ ಮನೆ ಅದಕ್ಕೆ ಹಿಡಿಸುವುದಿಲ್ಲ. ಈ ಪರೀಕ್ಷೆ ಒಂದು ಸಲವೂ ತಪ್ಪಿಲ್ಲವಂತೆ. ಅವಳ ಮನೆಯಿಂದ ಹೋದ ಇನ್ನೂರು ನಾಯಿಗಳು ಈಗಲೂ ವರ್ಷಕ್ಕೊಮ್ಮೆ ಅವಳಿಗೆ ಕಾಗದ ಬರೆಯುತ್ತಿದ್ದವು. ಬರೆಯುವುದು ಯಜಮಾನರೇ, ಸಹಿ ಮಾತ್ರ ಪಂಜದ್ದು.

ಇದಕ್ಕಿಂತ ಸುಲಭದ ಪರೀಕ್ಷೆ ಲೋಕದಲ್ಲಿ ಇರಲಾರದು. ಆದರೆ ಲಾಂಡ್ರಿಯವನಿಗೆ ಇದಕ್ಕಿಂತ ಕಷ್ಟದ್ದೂ ಇರಲಾರದು. ಸೋಮವಾರ ಸಂಜೆ ಇಸ್ತ್ರಿಯಣ್ಣ ಮೈಮೇಲಿನ ಅಂಗಿ ಬಿಚ್ಚಿ, ಕಾಗದದಲ್ಲಿ ಸುತ್ತಿ, ಕಂಡಕ್ಟರಮ್ಮನ ವಿಳಾಸ ಬರೆದು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟ. ಅಕ್ಕ ನೋಡಿದಳು. ಕೊಳೆ ಬಟ್ಟೆಯೊಂದು ತನ್ನ ಅಂಗಡಿಯಿಂದ ಹೊರಗೆ ಹೋಗುವುದನ್ನು ಅಕ್ಕ ಹುಟ್ಟಿದಂದಿನಿಂದ ಕಂಡಿರಲಿಲ್ಲ. ಅವಳ ಕೈ ಎಂಥದೆಂದರೆ, ಹಾದಿಯಲ್ಲಿ ಹೋಗುವವರ ಕಾಲರಿನ ಕಲೆ ಅವಳು ದಿಟ್ಟಿಸಿ ನೋಡಿದರೇ ಅರ್ಧ ಹೋಗುತ್ತಿತ್ತು. ಅವಳು ಕಾಗದ ಬಿಚ್ಚಿದಳು, ನೆನೆಸಿದಳು, ಉಜ್ಜಿದಳು, ಗಂಜಿ ಹಾಕಿದಳು, ಚೀಟಿ ಚುಚ್ಚಿ ಕಳಿಸಿಯೂ ಬಿಟ್ಟಳು.

ಮರುದಿನ ಕಂಡಕ್ಟರಮ್ಮನ ಫೋನು ಬಂತು. ವಾಸನೆ ಕಳಿಸಿ ಅಂದ್ರೆ ಮದುವೆ ಗಂಡನ್ನ ಕಳಿಸಿದ್ದೀರಲ್ಲ ಎಂದಳು. ಅಂಗಿ ತಾನಾಗಿಯೇ ನಿಲ್ಲುವಷ್ಟು ಗಂಜಿ ಹೀರಿದ್ದರಿಂದ, ನೆಂಟ ಅದನ್ನೂ ಮನುಷ್ಯನೆಂದು ತಿಳಿದು ಎದ್ದು ಬಾಲ ಆಡಿಸಿದ್ದನಂತೆ.

ಇಸ್ತ್ರಿಯಣ್ಣ ಮುಂದಿನ ಭಾನುವಾರ ತಾನೇ ಹೋದ. ಬಾಗಿಲಲ್ಲೇ ನಿಂತು ಮೈಮೇಲಿದ್ದ ಅಂಗಿ ಬಿಚ್ಚಿ ಕೊಟ್ಟ. ಕಂಡಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, ಮೂಗಿಗೆ ಹಿಡಿದು, ಮತ್ತೆ ಹಿಡಿದು, ನಕಲಿ ಟಿಕೆಟ್ ಸಿಕ್ಕವಳಂತೆ ಹುಬ್ಬು ಗಂಟಿಕ್ಕಿದಳು. ನೆಂಟ ಬಂದು ಮೂಸಿ, ಒಂದು ಸೀನು ಸೀನಿ ಹೊರಟುಹೋದ.

"ಇದರಲ್ಲಿ ಸೋಪಿದೆ, ಹಬೆಯಿದೆ, ಯಾವುದೋ ಬ್ಯಾಂಕಿನವರ ಅತ್ತರಿದೆ. ನೀವೆಲ್ಲಿ?"

ಬೇರೆಯವರ ಕೊಳೆ ತೆಗೆದು ತೆಗೆದು ಅವನ ಸ್ವಂತ ವಾಸನೆಯೂ ಆ ನೀರಿನ ಜೊತೆಗೇ ಹರಿದುಹೋಗಿತ್ತೋ ಏನೋ. ಕಂಡಕ್ಟರಮ್ಮನಿಗೂ ಕರುಣೆ ಬಂತು. ಇನ್ನೊಂದು ವಾರ ಕೊಡುತ್ತೇನೆ ಎಂದಳು. ಆದರೆ ನೆಂಟನನ್ನು ಹಲ್ಲಿನ ಡಾಕ್ಟರೂ ಅವರ ಹೆಂಡತಿಯೂ ಕೇಳಿದ್ದಾರೆ, ಅವರಿಗೆ ತೋಟದ ಮನೆಯಿದೆ, ಅವರ ಅಂಗಿಯೂ ಬಂದಿದೆ. ಬರುವ ಭಾನುವಾರ ಇಬ್ಬರೂ ಬನ್ನಿ, ಅವತ್ತೇ ತೀರ್ಮಾನ. ಅವನು ಬನಿಯನ್ನಿನಲ್ಲಿ ಮನೆಗೆ ನಡೆದ. ಬೀದಿಯವರು ಬಟ್ಟೆಯಿಲ್ಲದ ಇಸ್ತ್ರಿಯಣ್ಣನನ್ನು ಯಾರೂ ಗುರುತಿಸಲಿಲ್ಲ.

ಸೋಮವಾರ ಅವನು ಬಜಾರಿಗೆ ಹೋಗಿ, ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ, ಯಾರೂ ತೊಡದ ಒಂದು ನೀಲಿ ಅಂಗಿ ಕೊಂಡು ತೊಟ್ಟ. ಭಾನುವಾರದವರೆಗೆ ಬೇರೆ ಅಂಗಿ ತೊಡುವುದಿಲ್ಲ, ಇದನ್ನು ನೀರಿಗೂ ಹಾಕುವುದಿಲ್ಲ ಎಂದು ಅಕ್ಕನಿಗೆ ಹೇಳಿದ. ಬಂಡೆಗೂ ಬೆವರು ಬರುವಂಥ ವಾರವದು. ದೊಡ್ಡ ಹೋಟೆಲೊಂದರ ನೂರ ಅರವತ್ತು ಪರದೆಗಳು ಬಂದು ಬಿದ್ದಿದ್ದವು. ಒಂದೊಂದು ಪರದೆ ಎಷ್ಟು ಉದ್ದವೆಂದರೆ, ಈ ತುದಿ ಇಸ್ತ್ರಿಯಾಗುವಷ್ಟರಲ್ಲಿ ಆ ತುದಿ ಹಳೆಯದಾಗುತ್ತಿತ್ತು. ಬುಧವಾರಕ್ಕೆ ಅಂಗಿಯ ಬೆನ್ನಿನ ಮೇಲೆ ಉಪ್ಪಿನ ನಕಾಶೆ ಮೂಡಿತು, ಗುರುವಾರಕ್ಕೆ ಅದರಲ್ಲಿ ನದಿಗಳು ಕಾಣಿಸಿಕೊಂಡವು. ಗಿರಾಕಿಗಳು ಬಾಗಿಲ ಹೊರಗೇ ನಿಂತು ಬಟ್ಟೆ ಎಸೆದು ಹೋಗತೊಡಗಿದರು. ವೈದ್ಯನ ಮನೆಯವರಿಗೇ ಕೆಮ್ಮು ಎಂದು ಎದುರಿನ ಚಪ್ಪಲಿ ಅಂಗಡಿಯವನು ಹಾಡು ಹೇಳುವವನಂತೆ ಹೇಳಿ ನಕ್ಕ.

ಅಕ್ಕ ಆ ವಾರ ಪಟ್ಟ ಪಾಡು ಶತ್ರುವಿಗೂ ಬೇಡ. ಅವಳ ಕೈ ತಾನಾಗಿಯೇ ಅವನ ಕಾಲರಿನ ಕಡೆಗೆ ಹೋಗುತ್ತಿತ್ತು. ಅದನ್ನು ಇನ್ನೊಂದು ಕೈ ಹಿಡಿದುಕೊಳ್ಳುತ್ತಿತ್ತು. ಶುಕ್ರವಾರ ಅವಳ ತಾಳ್ಮೆ ಹರಿಯಿತು.

"ಲೋ, ನಲವತ್ತು ವರ್ಷ ಈ ಬೀದಿಯಲ್ಲಿ ಮರ್ಯಾದೆಯಿಂದ ಬಟ್ಟೆ ಒಗೆದಿದ್ದೀನಿ ಕಣೋ. ಒಂದು ನಾಯಿಗೋಸ್ಕರ ಅದನ್ನೂ ಒಗೆದುಬಿಟ್ಟೆಯಲ್ಲ."

"ಅದು ನನ್ನ ನೋಡಿ ಎದ್ದಿತು ಅಕ್ಕ."

"ಎದ್ದಿತಂತೆ. ನಾನೇನು ಮಲಗೇ ಇದ್ದೀನಾ?"

"ನೀನೂ ಅಷ್ಟೇ. ನಾನು ಒಳಗೆ ಬಂದ್ರೆ ಬಟ್ಟೆ ಕೊಟ್ಟು ಬಂದೆಯಾ ಅಂತೀಯ. ಬಂದೆಯಾ ಅಂತ ಅನ್ನಲ್ಲ."

ಅಕ್ಕ ಬಾಯಿ ತೆರೆದಳು. ಬೈಗುಳದಲ್ಲಿ ಅವಳು ಮೂರು ಊರಿಗೆ ಮೊದಲಿಗಳು, ಒಂದನ್ನು ಎರಡು ಬಾರಿ ಬಳಸಿದವಳಲ್ಲ. ಅಂಥವಳ ಬಾಯಿ ತೆರೆದದ್ದು ತೆರೆದೇ ಇತ್ತು. ಒಳಗೆ ಹೋಗಿ ತೊಟ್ಟಿಯ ನಲ್ಲಿ ಬಿಟ್ಟಳು.

ಶನಿವಾರ ಪರದೆಗಳು ಮುಗಿದವು. ಅವನ ಕಾಲು ಬಾತು ಚಪ್ಪಲಿಯ ಪಟ್ಟಿಗಳು ಒಳಗೆ ಹೂತುಹೋಗಿದ್ದವು. ಅಂಗಿಯನ್ನು ಮೊಳೆಗೆ ತೂಗುಹಾಕಿ ಮಲಗಿದ. ಬೆಳಿಗ್ಗೆ ಎದ್ದು ನೋಡಿದರೆ ಮೊಳೆ ಖಾಲಿ.

ಹಿತ್ತಿಲಿಗೆ ಓಡಿದ. ಓಡುವುದೆಂದರೆ, ಬಾತ ಕಾಲನ್ನು ಒಂದೊಂದಾಗಿ ಎತ್ತಿ ಇಟ್ಟ. ಅಕ್ಕ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ನೀರು ತುಂಬಿದ ಬಕೆಟ್ಟು, ಸೋಪು. ತೊಡೆಯ ಮೇಲೆ ನೀಲಿ ಅಂಗಿ, ಒಣಗಿಯೇ ಇತ್ತು. ಅವಳು ಮುಖವನ್ನು ಅತ್ತ ತಿರುಗಿಸಿ, ಉಸಿರು ಬಿಗಿಹಿಡಿದು, ಬಿದ್ದುಹೋಗಿದ್ದ ಗುಂಡಿಯೊಂದನ್ನು ಹೊಲಿಯುತ್ತಿದ್ದಳು.

"ತೊಳೆಯೋಣ ಅಂತಲೇ ತಂದೆ," ಎಂದಳು ನೂಲು ಕಡಿಯುತ್ತಾ. "ಕೈ ಬರಲಿಲ್ಲ. ಅಪ್ಪನ ವಾಸನೇನೇ ಬರುತ್ತೆ ಕಣೋ ಇದಕ್ಕೆ. ತಗೊಂಡು ಹೋಗು ಬೇಗ, ಮನಸ್ಸು ಬದಲಾದ್ರೆ ನೀರಿಗೆ ಹಾಕ್ತೀನಿ."

ಕಂಡಕ್ಟರಮ್ಮನ ಮನೆಯಲ್ಲಿ ಹಲ್ಲಿನ ಡಾಕ್ಟರ ಜೋಡಿ ಮೊದಲೇ ಬಂದು ಕೂತಿತ್ತು. ಒಳ್ಳೆಯ ಜನ. ಅವರ ಹಲ್ಲುಗಳ ಬಿಳುಪಿಗೆ ಹಜಾರದಲ್ಲಿ ದೀಪವೇ ಬೇಕಿರಲಿಲ್ಲ. ಒಂದು ಕೆಂಪು ಚೆಂಡು, ಒಂದು ಡಬ್ಬ ಬಿಸ್ಕತ್ತು ತಂದಿದ್ದರು. ನೆಂಟ ಚೆಂಡು ಎಸೆದರೆ ತರುತ್ತಿದ್ದ, ಬಿಸ್ಕತ್ತು ಕೊಟ್ಟರೆ ಮುಂಗಾಲು ಎತ್ತುತ್ತಿದ್ದ, ಹೆಂಡತಿಗೆ ಒಮ್ಮೆ ಗಂಡನಿಗೆ ಒಮ್ಮೆ ಬಾಲ ಆಡಿಸುತ್ತಿದ್ದ. ಇಸ್ತ್ರಿಯಣ್ಣ ಬಂದಾಗಲೂ ಎದ್ದು, ಒಂದು ಸುತ್ತು ಕುಣಿದು, ಮತ್ತೆ ಚೆಂಡಿನ ಕಡೆಗೆ ಓಡಿದ. ಓಡುವಾಗ ಅವನ ಹಿಂಗಾಲು ಸ್ವಲ್ಪ ಎಳೆಯುತ್ತಿತ್ತು. ನಾಲಿಗೆ ಮೊಳದುದ್ದ ಹೊರಗಿತ್ತು. ಡಾಕ್ಟರ ಅಂಗಿ ಅವನ ಹಾಸಿಗೆಯ ಪಕ್ಕದಲ್ಲಿ ಮಡಿಸಿಟ್ಟಂತೆಯೇ ಇತ್ತು.

ಇಸ್ತ್ರಿಯಣ್ಣ ನೀಲಿ ಅಂಗಿಯನ್ನು ಬಿಚ್ಚಿ ಕೊಟ್ಟ. ಆ ಮನೆಯಲ್ಲಿ ಬನಿಯನ್ನಿನಲ್ಲಿ ನಿಲ್ಲುವುದು ಅವನಿಗೆ ರೂಢಿಯಾಗಿತ್ತು. ಕಂಡಕ್ಟರಮ್ಮ ಈ ಸಲ ಮೂಗಿನ ಹತ್ತಿರ ತರುವ ಮೊದಲೇ ತಲೆ ಹಿಂದಕ್ಕೆ ಸರಿಸಿ, ಈಗ ಬಂದ್ರಿ ನೋಡಿ ನೀವು ಎಂದು ಮೆಚ್ಚಿಕೊಂಡು ಅಂಗಿಯನ್ನು ಹಜಾರದ ನಡುವೆ ಹಾಕಿದಳು.

ನೆಂಟ ಬರಲಿಲ್ಲ. ಬಂದದ್ದು ಒಂದನೇ ಸೀಟು. ಒಕ್ಕಣ್ಣಿನ ಆ ಮುದುಕಿ ಯಾವ ಪರೀಕ್ಷೆಯಲ್ಲೂ ಯಾವ ಅಂಗಿಯನ್ನೂ ಮುಟ್ಟಿದವಳಲ್ಲ. ಎದ್ದು ಬಂದು, ನೀಲಿ ಅಂಗಿಯನ್ನು ಕಚ್ಚಿ, ಮೂಲೆಗೆ ಎಳೆದುಕೊಂಡು ಹೋಗಿ, ಮೂರು ಸುತ್ತು ಸುತ್ತಿ ಅದರ ಮೇಲೆ ಮಲಗಿಬಿಟ್ಟಳು. ಬಿಡಿಸಲು ಹೋದರೆ ಇದ್ದ ನಾಲ್ಕು ಹಲ್ಲೂ ತೋರಿಸಿದಳು. ಏಳು ದಿನದ ಬೆವರು, ನೂರ ಅರವತ್ತು ಪರದೆ, ಅಕ್ಕನ ಮರ್ಯಾದೆ, ಎಲ್ಲ ಆ ಮುದುಕಿಯ ಹೊಟ್ಟೆಯಡಿಗೆ ಹೋಯಿತು.

ಇನ್ನೇನೂ ಉಳಿದಿಲ್ಲ ಎಂದು ಇಸ್ತ್ರಿಯಣ್ಣನಿಗೆ ಗೊತ್ತಾಯಿತು. ಹೊರಡಬೇಕು ಎಂದುಕೊಂಡ. ಆದರೆ ಹೊರಡಲು ಕಾಲು ಬೇಕಲ್ಲ. ಗೋಡೆಗೆ ತಾಗಿದ್ದ ಬೆಂಚಿನ ಮೇಲೆ, ಒಂದು ನಿಮಿಷ ಎಂದು ಕೂತ. ಚಪ್ಪಲಿಯಿಂದ ಪಾದ ಹೊರತೆಗೆದು ತಣ್ಣನೆಯ ನೆಲಕ್ಕೆ ಇಟ್ಟ. ಎದುರಿಗೆ ಚೆಂಡು ಹೋಗುತ್ತಿತ್ತು, ನಾಯಿ ಹೋಗುತ್ತಿತ್ತು, ಚೆಂಡು ಬರುತ್ತಿತ್ತು, ನಾಯಿ ಬರುತ್ತಿತ್ತು. ಇವನಿಗೂ ನನ್ನ ಹಾಗೆ ಮನೆಮನೆಗೆ ಒಪ್ಪಿಸುವ ಕೆಲಸ ಎಂದು ಅನ್ನಿಸಿತು. ಅಷ್ಟು ಅನ್ನಿಸುವಷ್ಟರಲ್ಲಿ ಕಣ್ಣು ಎಳೆಯಿತು. ಇಪ್ಪತ್ತೊಂಬತ್ತು ವರ್ಷ ನಿಂತು ಮಾಡಿದ ನಿದ್ದೆಯೆಲ್ಲ ಬಡ್ಡಿ ಕೇಳಿಕೊಂಡು ಒಮ್ಮೆಗೇ ಬಂತು.

ಎಚ್ಚರವಾದಾಗ ಬಲಗಾಲು ಇರಲಿಲ್ಲ. ಹೋಯಿತು, ಇಷ್ಟು ದಿನ ನಿಂತದ್ದಕ್ಕೆ ಕೊನೆಗೂ ಕಳಚಿತು ಎಂದು ಬಗ್ಗಿ ನೋಡಿದ. ಕಾಲಿತ್ತು. ಅದರ ಮೇಲೆ ನೆಂಟನಿದ್ದ. ಆ ಪಾದದ ಮೇಲೆ ಮೈಯನ್ನು ಮೂಟೆಯಂತೆ ಇಳಿಸಿ, ಬಾಯಿ ಅರೆ ತೆರೆದು, ಗೊರಕೆ ಹೊಡೆಯುತ್ತಿದ್ದ. ಎದುರಿನ ಕುರ್ಚಿಗಳು ಖಾಲಿಯಿದ್ದವು. ಕೆಂಪು ಚೆಂಡು ಒಂಬತ್ತನೇ ಸೀಟಿನ ಬಾಯಲ್ಲಿತ್ತು. ಕಂಡಕ್ಟರಮ್ಮ ತಟ್ಟೆ ಹಿಡಿದು ಊಟ ಮಾಡುತ್ತಿದ್ದಳು.

ನಿದ್ದೆ ಹತ್ತಿಬಿಟ್ಟಿತು, ಕ್ಷಮಿಸಿ ಎಂದು ಅವನು ತಡಬಡಿಸಿದ.

"ಮೆತ್ತಗೆ ಮಾತಾಡಿ, ಎದ್ದಾನು," ಎಂದಳು ಅವಳು. "ಆರು ತಿಂಗಳಾಯ್ತು ಇವನು ಬಂದು. ಮನೇಲಿ ಹೊರಗಿನವರು ಒಬ್ಬರಿದ್ರೂ ಇವನು ಕಣ್ಣು ಮುಚ್ಚಿದವನಲ್ಲ. ಉಪಚಾರ ಮಾಡ್ತಾನೇ ಇರ್ತಾನೆ. ರಾತ್ರಿ ಎಲ್ಲರೂ ಹೋದ ಮೇಲೆ ಸತ್ತ ಹಾಗೆ ಬೀಳ್ತಾನೆ. ಇವತ್ತು ಡಾಕ್ಟರು ಚೆಂಡು ಎಸೆದ್ರು. ಇವನು ತರೋಕ್ಕೆ ಹೋದವನು ನಿಮ್ಮ ಕಾಲು ಮೂಸಿದ. ಅಲ್ಲೇ ಕೂತ, ಅಲ್ಲೇ ಮಲಗಿದ. ಡಾಕ್ಟರು ಕರೆದ್ರು, ಬಿಸ್ಕತ್ತಿನ ಡಬ್ಬ ಅಲ್ಲಾಡಿಸಿದ್ರು. ಕಿವಿ ಕೂಡ ಆಡಿಸಲಿಲ್ಲ."

"ಅಂಗಿಗೆ ಬರಲಿಲ್ಲವಲ್ಲ ಅಮ್ಮ."

"ಅಂಗಿ ಬೇರೆಯವರಿಗೆ ಹೋಯ್ತು, ಬಿಡಿ. ಮೂವತ್ತು ವರ್ಷ ಬಸ್ಸಲ್ಲಿ ನೋಡಿದ್ದೀನಿ. ಜನ ಯಾರ್ಯಾರ ಹತ್ರಾನೋ ನಗ್ತಾರೆ, ಮಾತಾಡ್ತಾರೆ. ಭುಜದ ಮೇಲೆ ತಲೆ ಇಟ್ಟು ನಿದ್ದೆ ಮಾಡೋದು ಗೊತ್ತಿರೋರ ಹತ್ರ ಮಾತ್ರ."

ಇನ್ನು ಹೊರಡಿ ಎಂದು ಸೀಟಿ ಊದಲು ಕೈ ಎತ್ತಿದವಳು, ನೆಂಟ ಎದ್ದಾನೆಂದು ಊದದೆ ಕೆಳಗಿಳಿಸಿದಳು. ಕೆಳತುಟಿ ಕಚ್ಚಿಕೊಂಡು ತಟ್ಟೆಯ ಕಡೆ ನೋಡಿದಳು. ನಂಬರು ಕೊಡದೆ ಹೆಸರಿಟ್ಟ ತಪ್ಪಿಗೆ ಅವಳು ಆ ದಿನ ಅನ್ನಕ್ಕೆ ಉಪ್ಪು ಹಾಕಿಕೊಳ್ಳಲಿಲ್ಲ, ಆದರೂ ಉಪ್ಪಾಯಿತು.

ನೆಂಟ ಲಾಂಡ್ರಿಗೆ ಬಂದ. ಅಕ್ಕ ಮೊದಲ ದಿನವೇ ಅವನನ್ನು ಮೂರು ನೀರಿನಲ್ಲಿ ತೊಳೆದಳು. ಗಂಜಿ ಹಾಕದಂತೆ ತಡೆಯಲು ಇಸ್ತ್ರಿಯಣ್ಣ ಅಡ್ಡ ನಿಲ್ಲಬೇಕಾಯಿತು. ಸಂಜೆ ಬಟ್ಟೆ ಕೊಡಲು ಹೋಗುವಾಗ ನೆಂಟನೂ ಜೊತೆಗೆ ಹೋಗುತ್ತಿದ್ದ. ಬಾಗಿಲು ತೆಗೆದವರು ಈಗ ಒಳಗೆ ತಿರುಗಿ "ನೆಂಟ ಬಂದ" ಎನ್ನುತ್ತಿದ್ದರು. ಹತ್ತು ಮನೆಯಲ್ಲಿ ಹತ್ತು ಜನ ಎದ್ದು ಬರುತ್ತಿದ್ದರು, ನಾಯಿಯ ತಲೆ ಸವರುತ್ತಿದ್ದರು. ಇಸ್ತ್ರಿಯಣ್ಣನ ಮುಖ ಅವರಿಗೆ ಇನ್ನೂ ಕಾಣುತ್ತಿರಲಿಲ್ಲ. ಬಟ್ಟೆಯಾಗಿದ್ದವನು ಹಗ್ಗವಾಗಿದ್ದ, ಅಷ್ಟೇ.

ತಿಂಗಳು ಕಳೆದ ಮೇಲೆ ಒಂದು ಸಂಜೆ ನೆಂಟನ ಹಿಂಗಾಲು ನೋಯುತ್ತಿತ್ತೆಂದು ಇಸ್ತ್ರಿಯಣ್ಣ ಒಬ್ಬನೇ ಬಟ್ಟೆ ಕೊಡಲು ಹೋಗಿ ಬಂದ. ಅಂಗಡಿಯ ಬಾಗಿಲಲ್ಲಿ ನೆಂಟ ಮಲಗಿದ್ದ. ಎದುರಿನ ಚಪ್ಪಲಿ ಅಂಗಡಿಯವನು ದಾಟಿ ಬಂದ, ನೆಂಟ ಎದ್ದ. ಒಬ್ಬ ಗಿರಾಕಿ ಬಂದ, ಎದ್ದ. ದಾರಿ ಕೇಳಲು ಯಾರೋ ನಿಂತರು, ಅವರಿಗೂ ಎದ್ದು ಕುಂಟುತ್ತಾ ಬಾಲ ಆಡಿಸಿದ. ಬೀದಿಯ ತಿರುವಿನಿಂದ ಇದನ್ನೆಲ್ಲ ನೋಡುತ್ತಾ ಬಂದ ಇಸ್ತ್ರಿಯಣ್ಣ ನಡಿಗೆ ಚುರುಕು ಮಾಡಿ, ಬಾಗಿಲಿಗೆ ಬಂದು, ನಿಂತ.

ನೆಂಟ ಒಂದು ಕಣ್ಣು ತೆರೆದ. ಅವನನ್ನು ನೋಡಿದ. ಬಾಲವನ್ನು ನೆಲಕ್ಕೆ ಒಮ್ಮೆ ಬಡಿದು, ಕಣ್ಣು ಮುಚ್ಚಿದ.

ಊರಿಗೆಲ್ಲ ಏಳ್ತಾನೆ, ನನಗೆ ಏಳಲ್ಲ ನೋಡಕ್ಕ ಎಂದ ಇಸ್ತ್ರಿಯಣ್ಣ, ನೆಂಟನನ್ನೇ ನೋಡುತ್ತಾ.

ಅಕ್ಕ ಗಲ್ಲಾಪೆಟ್ಟಿಗೆಯ ಹಿಂದೆ ಬಟ್ಟೆಗಳಿಗೆ ಚೀಟಿ ಚುಚ್ಚುತ್ತಿದ್ದಳು. ತಲೆಯೆತ್ತಲಿಲ್ಲ.

"ಮನೆಯವರಿಗೆ ಯಾರಾದ್ರೂ ಏಳ್ತಾರೇನೋ," ಎಂದಳು. ಎರಡು ಚೀಟಿ ಚುಚ್ಚಿದ ಮೇಲೆ, "ಬಂದೆಯಾ?" ಎಂದಳು.

ಹೂಂ ಎಂದು ಅವನು ಮೆಟ್ಟಿಲ ಮೇಲೆ ಕೂತು ಚಪ್ಪಲಿ ಕಳಚಿದ. ನೆಂಟ ಕಣ್ಣು ಬಿಡದೆಯೇ ಒಂದು ಗೇಣು ಸರಿದು ಜಾಗ ಕೊಟ್ಟ. ಪಾದ ಚಾಚಿದ ಮೇಲೆ ಗದ್ದವನ್ನು ಅದರ ಮೇಲೆ ತಂದು ಇಟ್ಟ. ಒಳಗೆ ಇನ್ನೂ ಅರವತ್ತು ಅಂಗಿಗಳು ಕಾದಿದ್ದವು.